ಮೌನಿಯ ಬಯಕೆಯನ್ನು ಅಳೆಯಬಹುದೆ?

ಮಿತಭಾಷಿಣಿಯಾದ, ಮನೆವಾರ್ತೆಯಲ್ಲಿ ಮುಳುಗಿದ, ನಾಲ್ವರ ಎದುರು ತಲೆಯೆತ್ತಿ ಮಾತನಾಡದ ಒಬ್ಬ ಹೆಂಗಸು. ಆಕೆಯ ಮನಸ್ಸಿನ ಆಳದಲ್ಲಿ ಯಾರ ಕಣ್ಣಿಗೂ ಬೀಳದಂತೆ ಹುದುಗಿರುವ ಬಯಕೆಗಳು. ಕಡೆಗೊಂದು ದಿನ ಅವು ಹೊರಬೀಳುವ ಪರಿ. ಶೃಂಗಾರ ಕಥೆಗಾರರಿಗೆ ಇದು ಬಹು ಹಳೆಯ, ಬಹು ಪ್ರಿಯವಾದ ವಸ್ತು. ಫ್ರಾನ್ಸಿನಲ್ಲಿ ಫ್ಲೋಬೇರ್ ಹಳ್ಳಿಯ ವೈದ್ಯನೊಬ್ಬನ ಹೆಂಡತಿಯ ಒಳಗುದಿಯನ್ನು 'ಮದಾಂ ಬೊವಾರಿ'ಯಲ್ಲಿ ಚಿತ್ರಿಸಿ 1857ರಲ್ಲಿ ನ್ಯಾಯಾಲಯದ ಕಟಕಟೆಯನ್ನೇರಬೇಕಾಯಿತು, ಖುಲಾಸೆಯೂ ಆಯಿತು. ಲಾರೆನ್ಸನ 'ಲೇಡಿ ಚಾಟರ್ಲಿಯ ಪ್ರಿಯಕರ' 1928ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಖಾಸಗಿಯಾಗಿ ಅಚ್ಚಾಯಿತು. 1960ರಲ್ಲಿ ಲಂಡನ್ನಿನ ಪಂಚರು ಅದರ ಪ್ರಕಾಶಕರನ್ನು ನಿರ್ದೋಷಿಗಳೆಂದರೆ, 1964ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಅದೇ ಪುಸ್ತಕವನ್ನು ಮಾರಿದ ಮುಂಬಯಿಯ ವ್ಯಾಪಾರಿಗೆ ವಿಧಿಸಿದ ಶಿಕ್ಷೆಯನ್ನು ಎತ್ತಿ ಹಿಡಿಯಿತು.

ಈ ಎರಡು ಕೃತಿಗಳನ್ನೂ ಬರೆದವರು ಗಂಡಸರು. ಹೆಂಗಸೇ ಬರೆದಾಗ ಏನಾಗುತ್ತದೆ? ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯು ತೆಲುಗಿನಲ್ಲಿ ರಚಿಸಿದ 'ರಾಧಿಕಾ ಸಾಂತ್ವನಮು' ಕಾವ್ಯದ ರಾಧೆ ಮೌನಿಯೇ ಅಲ್ಲ. ತನಗೆ ಬೇಕಾದುದನ್ನು ಬಾಯಿಬಿಟ್ಟು ಹೇಳುವವಳು. ನಂಜನಗೂಡಿನಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕಿ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಅದನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದಾಗ ಅಂದಿನ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದುದು 1947ರಲ್ಲಿ. ಒಂದೆರಡು ಉದಾಹರಣೆಗಳಿಂದ ಸಿದ್ಧಾಂತ ಕಟ್ಟುವುದು ವಿಜ್ಞಾನದ ಮಾರ್ಗವಲ್ಲವಾದುದರಿಂದ ಈ ಮಾತನ್ನು ಇಲ್ಲಿಗೇ ಬಿಡೋಣ.

ಸಾಹಿತ್ಯದ ಬೆಲೆ ಕಟ್ಟುವುದು ನಮ್ಮ ಕೆಲಸವಲ್ಲ. ಆದರೆ ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಎರಡು ಹೇಳಿಕೆಗಳು ಅಡಗಿರುತ್ತವೆ. ಮೌನದ ಹಿಂದೆಯೂ ಬಯಕೆ ಇರುತ್ತದೆ ಎಂಬುದು ಒಂದು. ಆಕೆ ಹೇಳದಿದ್ದರೂ, ಅಷ್ಟೇ ಏಕೆ, ಬೇಡವೆಂದರೂ, ಆಕೆಯ ಮೈ ಆ ಬಯಕೆಯನ್ನು ಹೇಳಿಬಿಡುತ್ತದೆ, ಬಲ್ಲವನು ಅದನ್ನು ಓದಿಕೊಳ್ಳಬಹುದು ಎಂಬುದು ಇನ್ನೊಂದು. ಇವು ವಾಸ್ತವ ಜಗತ್ತಿನ ಬಗೆಗಿನ ಹೇಳಿಕೆಗಳು, ಪರೀಕ್ಷೆಗೆ ಒಡ್ಡಬಹುದಾದಂಥವು. ನೂರಕ್ಕೂ ಹೆಚ್ಚು ವರ್ಷಗಳಿಂದ ಕೆಲವು ಸಂಶೋಧಕರು ಒಡ್ಡಿಯೂ ಇದ್ದಾರೆ. ಫಲಿತಾಂಶವೇನೆಂದರೆ, ಮೊದಲನೆಯ ಹೇಳಿಕೆ ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೊವಾರಿಯ ಮೊಕದ್ದಮೆ ನಡೆದ 1857ರಲ್ಲಿಯೇ ಇಂಗ್ಲೆಂಡಿನ ವೈದ್ಯ ವಿಲಿಯಂ ಆಕ್ಟನ್ನನ ಗ್ರಂಥವೊಂದು ಮೊದಲ ಮುದ್ರಣ ಕಂಡು, ಮುಂದೆ ಹಲವು ಮುದ್ರಣಗಳನ್ನು ಪಡೆಯಿತು. ಬಹುಪಾಲು ಹೆಂಗಸರಿಗೆ ಕಾಮದ ಭಾವನೆಗಳ ಕಾಟವೇ ಅಷ್ಟಾಗಿ ಇರುವುದಿಲ್ಲವೆಂಬುದು ಆತನ ಹೆಸರಿನಲ್ಲಿ ಪ್ರಸಿದ್ಧವಾದ ಅಭಿಪ್ರಾಯ. ಹೆಂಗಸರು ಈ ವಿಷಯವಾಗಿ ಮಾತನಾಡುತ್ತಿರಲಿಲ್ಲ. ಆದುದರಿಂದ ಮಾತನಾಡಲು ಏನೂ ಇಲ್ಲವೆಂದು ಆತ ತೀರ್ಮಾನಿಸಿದಂತೆ ತೋರುತ್ತದೆ. ದೂರದರ್ಶಕವಿಲ್ಲದ ಕಾಲದಲ್ಲಿ ಗುರುಗ್ರಹಕ್ಕೆ ಚಂದ್ರರಿಲ್ಲವೆಂದಂತೆ.

ಕೇಳಿ ನೋಡಿದವಳು ಕ್ಲೀಲಿಯಾ ಮೋಷರ್ ಎಂಬ ಅಮೆರಿಕದ ವೈದ್ಯೆ. ಹೆಂಗಸರು ಎದೆಯಿಂದಲೂ ಗಂಡಸರು ಹೊಟ್ಟೆಯಿಂದಲೂ ಉಸಿರಾಡುತ್ತಾರೆ, ಇದು ಪ್ರಕೃತಿಯ ಕಟ್ಟಳೆ ಎಂದು ಆ ಕಾಲದ ವೈದ್ಯರು ನಂಬಿದ್ದರು. ಆ ವ್ಯತ್ಯಾಸಕ್ಕೆ ಕಾರಣ ದೇಹವಲ್ಲ, ಸೊಂಟವನ್ನು ಬಿಗಿಯುವ ಉಡುಪು ಮತ್ತು ರೂಢಿ ಎಂದು 1890ರ ದಶಕದಲ್ಲಿ ತೋರಿಸಿಕೊಟ್ಟವಳು ಈಕೆಯೇ. ಅದೇ ಮನೋಧರ್ಮದಿಂದ ಆಕೆ 1892ರಿಂದ ಮೊದಲುಗೊಂಡು ವಿವಾಹಿತ ಸ್ತ್ರೀಯರಿಗೆ ಅವರ ದಾಂಪತ್ಯ ಜೀವನದ ವಿಷಯವಾಗಿ ಪ್ರಶ್ನಾವಳಿಯೊಂದನ್ನು ಕೊಟ್ಟು ಉತ್ತರಗಳನ್ನು ಸಂಗ್ರಹಿಸಿದಳು. ಉತ್ತರಿಸಿದವರು 45 ಮಂದಿ. ಬಹುಭಾಗ 1870ಕ್ಕೆ ಮೊದಲು ಹುಟ್ಟಿದ, ವಿದ್ಯಾವಂತ ಮನೆತನಗಳ ಹೆಂಗಸರು. ಹೊರಗಿನವರ ಕಣ್ಣಿಗೆ ಮರ್ಯಾದೆಯ ಮೂರ್ತಿಗಳು. ಅವರಲ್ಲಿ 35 ಮಂದಿ ತಮಗೆ ಬಯಕೆಯುಂಟೆಂದು ಬರೆದುಕೊಟ್ಟಿದ್ದರು. ಮೋಷರ್ ಇದನ್ನು ಪ್ರಕಟಿಸಲಿಲ್ಲ. 1940ರಲ್ಲಿ ಆಕೆ ತೀರಿಕೊಂಡಳು. ಆಕೆಯ ಕಾಗದಪತ್ರಗಳ ನಡುವೆ ಈ ಉತ್ತರಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪತ್ರಾಗಾರದಲ್ಲಿ ಮಲಗಿದ್ದುವು. 1973ರಲ್ಲಿ ಕಾರ್ಲ್ ಡೆಗ್ಲರ್ ಎಂಬ ಇತಿಹಾಸಕಾರನ ಕೈಗೆ ಅವು ಸಿಕ್ಕವು. 45 ಎಂಬುದು ಬಹು ಚಿಕ್ಕ ಸಂಖ್ಯೆ, ನಿಜ; ಅದರಿಂದ ಆ ಕಾಲದ ಹೆಂಗಸರೆಲ್ಲರ ಶೇಕಡಾ ಲೆಕ್ಕ ತೆಗೆಯಲಾಗದು. ಆದರೆ ಆಕ್ಟನ್ನನ ಮಾತು ಸಾರ್ವತ್ರಿಕ ನಿಯಮವೆಂಬ ಭ್ರಮೆಯನ್ನು ಮುರಿಯಲು ಅಷ್ಟು ಸಾಕು.

ದೊಡ್ಡ ಸಂಖ್ಯೆ ದೊರೆತದ್ದು ಆಲ್ಫ್ರೆಡ್ ಕಿನ್ಸೆಯಿಂದ. ಈತ ಮೂಲತಃ ಪ್ರಾಣಿಶಾಸ್ತ್ರಜ್ಞ. ಸಸ್ಯಗಳಲ್ಲಿ ಗಂಟು ಕಟ್ಟುವ ಕಣಜಗಳ ಅಧ್ಯಯನದಲ್ಲಿ ಹೆಸರಾದವನು. ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ಈತನೂ ಈತನ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ 5,940 ಹೆಂಗಸರ ಸಂದರ್ಶನಗಳೇ ಆಧಾರ. ಉತ್ತರಗಳನ್ನು ಸಂಕೇತಲಿಪಿಯಲ್ಲಿ ಬರೆದುಕೊಂಡು ಗುಟ್ಟನ್ನು ಕಾಪಾಡಲಾಗುತ್ತಿತ್ತು. ಹೆಂಗಸರು ಗಂಡಸರಿಗಿಂತ ಕಡಮೆ ಕಲ್ಪನಾಪ್ರಚೋದಿತರು ಎಂಬುದು ಕಿನ್ಸೆಯ ಒಟ್ಟು ಅಭಿಪ್ರಾಯ. ಆದರೆ ಆತನ ಕೋಷ್ಟಕಗಳಲ್ಲಿಯೇ ಒಂದು ಸಾಲು ಈ ಅಭಿಪ್ರಾಯದೊಡನೆ ಹೊಂದುವುದಿಲ್ಲ. ಸಾಹಿತ್ಯಕೃತಿಗಳನ್ನು ಓದುವಾಗ ಎಂದಾದರೂ ಕಾಮೋದ್ರೇಕದ ಅನುಭವವಾಗಿತ್ತೆ ಎಂಬ ಪ್ರಶ್ನೆಗೆ ಹೌದೆಂದ ಹೆಂಗಸರು ನೂರಕ್ಕೆ 60, ಗಂಡಸರು ನೂರಕ್ಕೆ 59! ಒಬ್ಬಳೇ ಕುಳಿತು ಮೌನವಾಗಿ ಓದುವ ಪುಸ್ತಕದ ವಿಷಯಕ್ಕೆ ಬಂದಾಗ ಸ್ತ್ರೀಪುರುಷ ಭೇದ ಇಲ್ಲವೆನ್ನುವಷ್ಟು ಕಡಮೆಯಾಗುತ್ತದೆ.

ಇಲ್ಲಿ ಭೌತಶಾಸ್ತ್ರದವರಾದ ನಮಗೆ ಬಹಳ ಪರಿಚಿತವಾದ ತೊಡಕೊಂದು ಎದುರಾಗುತ್ತದೆ. ಬಿಸಿನೀರಿನ ಚಿಕ್ಕ ಬಟ್ಟಲಿನಲ್ಲಿ ದೊಡ್ಡ ಉಷ್ಣಮಾಪಕವನ್ನು ಅದ್ದಿದರೆ ಮಾಪಕವೇ ಒಂದಿಷ್ಟು ಶಾಖವನ್ನು ಹೀರಿಕೊಂಡು ನೀರನ್ನು ತಣಿಸಿಬಿಡುತ್ತದೆ. ಅದು ತೋರಿಸುವ ಉಷ್ಣತೆ ನೀರಿನ ಮೊದಲಿನ ಉಷ್ಣತೆಯಲ್ಲ. ಬಯಕೆಯ ವಿಷಯದಲ್ಲಿ ಕೇಳುವವನೇ ಮಾಪಕ. ಕೇಳುವವನು ಯಾರು, ಉತ್ತರ ಯಾರ ಕಿವಿಗೆ ಬೀಳಬಹುದು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. 2003ರಲ್ಲಿ ಅಮೆರಿಕದ ಮಿಷೆಲ್ ಅಲೆಗ್ಸಾಂಡರ್ ಮತ್ತು ಟೆರ್ರಿ ಫಿಷರ್ ಎಂಬ ಮನಶ್ಶಾಸ್ತ್ರಜ್ಞೆಯರು ಇದನ್ನು ಸೊಗಸಾಗಿ ತೋರಿಸಿದರು. 201 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಇದುವರೆಗೆ ಎಷ್ಟು ಮಂದಿಯೊಡನೆ ಸಂಬಂಧವಿತ್ತೆಂದು ಕೇಳಿದರು. ಮೊದಲನೆಯ ಗುಂಪಿಗೆ ತಮ್ಮ ಉತ್ತರವನ್ನು ಪಕ್ಕದವರು ನೋಡಬಹುದೆಂಬ ಶಂಕೆ. ಎರಡನೆಯದಕ್ಕೆ ಹೆಸರಿಲ್ಲದ, ಯಾರೂ ನೋಡದ ಕಾಗದ. ಮೂರನೆಯದಕ್ಕೆ ಸುಳ್ಳು ಹಿಡಿಯುವ ಯಂತ್ರವೆಂದು ನಂಬಿಸಿ, ಕೆಲಸವನ್ನೇ ಮಾಡದ ಯಂತ್ರವೊಂದರ ತಂತಿಗಳನ್ನು ಕೈಗೆ ಕಟ್ಟಿದ್ದರು. ಹುಡುಗಿಯರ ಉತ್ತರದ ಸರಾಸರಿ ಕ್ರಮವಾಗಿ 2.6, 3.4, 4.4. ಹುಡುಗರದು 3.7, 4.2, 4.0. ಹುಡುಗರ ಸಂಖ್ಯೆ ಹೆಚ್ಚು ಕಡಮೆ ಒಂದೆಡೆ ನಿಂತಿದೆ; ಹುಡುಗಿಯರದು ಮಾತ್ರ ಮೆಟ್ಟಿಲು ಹತ್ತಿದೆ. ಎಂದಮೇಲೆ ಮೌನವೆಂಬುದು ಹೆಂಗಸಿನ ಗುಣವೆನ್ನುವುದಕ್ಕಿಂತ, ಆಕೆಯೂ ಆಕೆಯ ಸುತ್ತಲಿನವರೂ ಕೂಡಿ ಉಂಟುಮಾಡಿದ ಸನ್ನಿವೇಶದ ಗುಣವೆನ್ನುವುದು ಹೆಚ್ಚು ಸರಿ.

ನಮ್ಮ ದೇಶದ ಸಮೀಕ್ಷೆಗಳನ್ನು ನಡೆಸುವವರಿಗೂ ಇದು ತಿಳಿದ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗೃಹಹಿಂಸೆಯ ಪ್ರಶ್ನೆಗಳನ್ನು ಮನೆಗೆ ಒಬ್ಬಳಂತೆ, ಏಕಾಂತ ದೊರೆತರೆ ಮಾತ್ರ ಕೇಳಬೇಕೆಂಬ ನಿಯಮವಿದೆ. ಅತ್ತೆಯೋ ಗಂಡನೋ ಬಾಗಿಲಲ್ಲಿ ನಿಂತರೆ ಪ್ರಶ್ನೆ ನಿಲ್ಲಬೇಕು. 2019–21ರ ಸಮೀಕ್ಷೆಯಲ್ಲಿ, ಇಷ್ಟವಿಲ್ಲದಾಗ ಗಂಡನಿಗೆ ಬೇಡವೆನ್ನಬಲ್ಲೆವೆಂದವರು ನೂರಕ್ಕೆ 82 ಮಂದಿ. ಬೇಡವೆನ್ನುವ ಮಾತನ್ನು ಕೇಳಿದ್ದಾಯಿತು. ಬೇಕೆನ್ನುವ ಮಾತನ್ನು ಕೇಳುವ ಪ್ರಶ್ನೆ ನಮ್ಮಲ್ಲಿ ವಿರಳ. ಕನ್ನಡದಲ್ಲಿ 'ಬಯಕೆ' ಎಂಬ ಶಬ್ದವೇ ಗರ್ಭಿಣಿಯ ನಾಲಗೆಯ ಆಸೆಗೆ ಮೀಸಲೆಂಬಂತೆ ಬಳಕೆಯಾಗುತ್ತದೆ. ಆ ಬಯಕೆಯನ್ನು ಕೇಳಿ ತಿಳಿದು, ನೆಂಟರಿಷ್ಟರನ್ನು ಕರೆದು ಊಟ ಹಾಕುತ್ತೇವೆ. ಇನ್ನೊಂದು ಬಯಕೆಯ ಹೆಸರೆತ್ತಿದರೆ ಕೆಮ್ಮಿ ಸುಮ್ಮನಾಗುತ್ತೇವೆ.

ಬಾಯಿಮಾತು ಹೀಗೆ ಕೇಳುವವನನ್ನು ಅನುಸರಿಸಿ ಬದಲಾಗುವುದಾದರೆ, ಬಾಯಿಯನ್ನೇ ಬಿಟ್ಟು ದೇಹವನ್ನು ಕೇಳಿದರೆ ಹೇಗೆ? ಈ ಆಲೋಚನೆಯಿಂದ ಹುಟ್ಟಿದ ಉಪಕರಣವೊಂದು 1970ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದರ ತತ್ತ್ವ ಸರಳವಾದುದು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳ ತುದಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರನ್ನು ವಾಚಕರು ಬಲ್ಲರು. ಬೆಳಕನ್ನು ಅಂಗಾಂಶದೊಳಕ್ಕೆ ಹಾಯಿಸಿದರೆ ಅದರಲ್ಲೊಂದು ಭಾಗವನ್ನು ರಕ್ತ ಹೀರಿಕೊಳ್ಳುತ್ತದೆ. ಉಳಿದುದು ಚದುರಿ ಹೊರಬರುತ್ತದೆ. ರಕ್ತದ ಪ್ರಮಾಣ ಹೆಚ್ಚು ಕಡಮೆಯಾದಂತೆ ಹೊರಬರುವ ಬೆಳಕೂ ಬದಲಾಗುತ್ತದೆ. ಸ್ತ್ರೀಯರಿಗಾಗಿ ಮಾಡಿದ ಉಪಕರಣದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಕ್ಕ ನಳಿಕೆಯೊಳಗೆ ಒಂದು ದೀಪವೂ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಒಂದು ಘಟಕವೂ ಇರುತ್ತವೆ. ಮುಚ್ಚಿದ ಕೋಣೆಯಲ್ಲಿ ಆಕೆಯೇ ಅದನ್ನು ದೇಹದೊಳಗೆ ಇರಿಸಿಕೊಳ್ಳುತ್ತಾಳೆ. ಸಂಶೋಧಕರು ಹೊರಗೆ ಕುಳಿತು ವಿದ್ಯುತ್ಸಂಕೇತವನ್ನು ನೋಡುತ್ತಾರೆ. ಕಾಮೋದ್ರೇಕವಾದಾಗ ಜನನಾಂಗದ ರಕ್ತನಾಳಗಳು ತುಂಬಿಕೊಳ್ಳುವುದರಿಂದ, ಹೃದಯದ ಒಂದೊಂದು ಬಡಿತಕ್ಕೂ ಸಂಕೇತದಲ್ಲಿ ಏಳುವ ಅಲೆ ಎತ್ತರವಾಗುತ್ತದೆ.

ಇದನ್ನು ಬಳಸಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕಿನಲ್ಲಿ ಜೂಲಿಯಾ ಹೈಮನ್ ನಡೆಸಿದ ಪ್ರಯೋಗ ನಮ್ಮ ವಸ್ತುವಿಗೆ ತೀರ ಹತ್ತಿರದ್ದು. ಏಕೆಂದರೆ ಆಕೆ ಪ್ರಯೋಗಕ್ಕೆ ಬಳಸಿದ್ದು ಕಥೆಗಳನ್ನೇ. ಧ್ವನಿಮುದ್ರಿಸಿದ ಕಥೆಗಳು ನಾಲ್ಕು ಬಗೆಯವು: ಬರಿಯ ಶೃಂಗಾರದವು, ಬರಿಯ ಕೋಮಲ ಪ್ರೇಮದವು, ಎರಡೂ ಬೆರೆತವು, ಎರಡೂ ಇಲ್ಲದ ಸಾದಾ ಸಂಭಾಷಣೆಗಳು. ಹೆಂಗಸರಿಗೆ ಪ್ರೇಮಾಲಾಪ ಸಾಕು, ಶೃಂಗಾರದ ವರ್ಣನೆ ಬೇಡವೆಂಬುದು ಲೋಕದ ನಂಬಿಕೆ. 1977ರಲ್ಲಿ ಪ್ರಕಟವಾದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ಬರಿಯ ಪ್ರೇಮದ ಕಥೆಗೆ ಮಾಪಕದ ಅಲೆ ಹೆಚ್ಚೇನೂ ಏಳಲಿಲ್ಲ. ಶೃಂಗಾರ ಕಥೆಗೆ ಹೆಂಗಸರಲ್ಲೂ ಗಂಡಸರಲ್ಲೂ ಎದ್ದಿತು. ಸ್ತ್ರೀಯೇ ಮುಂದಾಗಿ ತನ್ನ ಇಚ್ಛೆಯಂತೆ ನಡೆದುಕೊಳ್ಳುವ ಕಥೆಗೆ ಎರಡು ವರ್ಗಗಳಲ್ಲಿಯೂ ಅತಿ ಹೆಚ್ಚು. ಮುದ್ದುಪಳನಿಯ ರಾಧೆ ಇಲ್ಲಿ ನೆನಪಾದರೆ ಅದು ವಾಚಕರ ತಪ್ಪಲ್ಲ. ಇನ್ನೊಂದು ಸಂಗತಿಯೂ ಕಂಡುಬಂದಿತು. ಕೆಲವು ಹೆಂಗಸರ ವಿಷಯದಲ್ಲಿ ಮಾಪಕ ಏರಿಕೆಯನ್ನು ತೋರಿಸುತ್ತಿದ್ದಾಗಲೂ ಅವರು ತಮಗೇನೂ ಅನ್ನಿಸಲಿಲ್ಲವೆಂದು ಬರೆದಿದ್ದರು.

ಮುಂದಿನ ಮೂರು ದಶಕಗಳಲ್ಲಿ ಇಂಥ ಪ್ರಯೋಗಗಳು ಹಲವಾರು ನಡೆದುವು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾನಿಲಯದ ಮೆರೆಡಿತ್ ಷಿವರ್ಸ್ ಮತ್ತು ಸಂಗಡಿಗರು 1969ರಿಂದ 2007ರ ವರೆಗಿನ 132 ಅಧ್ಯಯನಗಳನ್ನು, ಎಂದರೆ 2,505 ಹೆಂಗಸರ ಮತ್ತು 1,918 ಗಂಡಸರ ಅಳತೆಗಳನ್ನು, ಒಟ್ಟುಗೂಡಿಸಿ 2010ರಲ್ಲಿ ಲೆಕ್ಕ ಹಾಕಿದರು. ಬಾಯಿಯ ಹೇಳಿಕೆಗೂ ಮಾಪಕದ ಹೇಳಿಕೆಗೂ ಇರುವ ಸಹಸಂಬಂಧಾಂಕ ಗಂಡಸರಲ್ಲಿ 0.66, ಹೆಂಗಸರಲ್ಲಿ 0.26. ಎರಡೂ ಸದಾ ಜೊತೆಯಾಗಿಯೇ ಏರಿಳಿದರೆ ಈ ಅಂಕ 1 ಆಗುತ್ತದೆ. ಪರಸ್ಪರ ಯಾವ ನಂಟೂ ಇಲ್ಲದಿದ್ದರೆ 0. ಇದರ ವರ್ಗವನ್ನು ತೆಗೆದುಕೊಂಡರೆ ಅರ್ಥ ಇನ್ನೂ ಸ್ಪಷ್ಟ: ಗಂಡಸರಲ್ಲಿ ಒಂದರ ಏರುಪೇರಿನ ನೂರಕ್ಕೆ ಸುಮಾರು 44 ಪಾಲು ಇನ್ನೊಂದರೊಡನೆ ಹೊಂದುತ್ತದೆ; ಹೆಂಗಸರಲ್ಲಿ ಸುಮಾರು 7 ಪಾಲು ಮಾತ್ರ.

ಈ 0.26 ಎಂಬ ಅಂಕದ ಮೇಲೆ ಹಾರಿ ಬಿದ್ದವರು ಕಡಮೆಯಿಲ್ಲ. ಹೆಂಗಸಿಗೆ ತನ್ನ ಮನಸ್ಸೇ ತಿಳಿಯದು, ಅಥವಾ ತಿಳಿದೂ ಮುಚ್ಚಿಡುತ್ತಾಳೆ, ಸತ್ಯವನ್ನು ಹೇಳುವುದು ಆಕೆಯ ದೇಹವೇ ಎಂದು ಅವರ ವಾದ. ಕಥೆಗಳ ಎರಡನೆಯ ಹೇಳಿಕೆಗೆ ವಿಜ್ಞಾನದ ಮುದ್ರೆ ಬಿದ್ದಿತೆಂದು ಅವರಿಗೆ ಸಂತೋಷ. ಆದರೆ ಎರಡು ಮಾಪಕಗಳು ಬೇರೆ ಬೇರೆ ಅಂಕಗಳನ್ನು ತೋರಿಸಿದಾಗ, ಅವೆರಡೂ ಒಂದೇ ವಸ್ತುವನ್ನು ಅಳೆಯುತ್ತಿವೆಯೆ ಎಂಬುದನ್ನು ಮೊದಲು ಕೇಳಬೇಕು. ವೋಲ್ಟ್‌ಮಾಪಕಕ್ಕೂ ಉಷ್ಣಮಾಪಕಕ್ಕೂ ಹೊಂದಿಕೆಯಾಗದಿದ್ದರೆ ಅವುಗಳಲ್ಲೊಂದು ಸುಳ್ಳು ಹೇಳುತ್ತಿದೆಯೆಂದು ಯಾರೂ ಹೇಳುವುದಿಲ್ಲ.

ಉಪಕರಣವನ್ನೇ ನೋಡೋಣ. ಗಂಡಸರಿಗೆ ಬಳಸಿದ ಹಳೆಯ ಮಾಪಕ ಪಾದರಸ ತುಂಬಿದ ತೆಳುವಾದ ರಬ್ಬರ್ ಉಂಗುರ. ಅದು ಹಿಗ್ಗಿದಾಗ ಪಾದರಸದ ಎಳೆ ಉದ್ದವೂ ಸಪುರವೂ ಆಗಿ ವಿದ್ಯುತ್ ರೋಧ ಹೆಚ್ಚುತ್ತದೆ. ಪಾದರಸದ ಗಾತ್ರ ಬದಲಾಗದುದರಿಂದ ರೋಧ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸುತ್ತಳತೆ ಗೊತ್ತಿರುವ ಉರುಳೆಗಳಿಗೆ ತೊಡಿಸಿ ಅದಕ್ಕೆ ಮಿಲಿಮೀಟರಿನ ಗುರುತು ಹಾಕಬಹುದು. ಸ್ತ್ರೀಯರ ಬೆಳಕಿನ ಮಾಪಕಕ್ಕೆ ಅಂಥ ಗುರುತಿಲ್ಲ. ಅದು ಕೊಡುವುದು ಕೆಲವು ಮಿಲಿವೋಲ್ಟುಗಳನ್ನು. ನಳಿಕೆ ತುಸು ಜರುಗಿದರೂ, ಅಂಗಾಂಶದ ದಪ್ಪ ಬೇರೆಯಾದರೂ ಅಂಕ ಬೇರೆ. ಒಬ್ಬಳ 5 ಇನ್ನೊಬ್ಬಳ 5ಕ್ಕೆ ಸಮವಲ್ಲ. ಒಬ್ಬಳಲ್ಲಿಯೇ ಒಂದೇ ಕುಳಿತದಲ್ಲಿ ಏರಿತೆ ಇಳಿಯಿತೆ ಎಂದು ನೋಡಬಹುದು, ಅಷ್ಟೆ. ಉಪಕರಣದ ಕೊರತೆಯೇ 0.66ಕ್ಕೂ 0.26ಕ್ಕೂ ನಡುವಣ ಅಂತರಕ್ಕೆ ಪೂರ್ಣ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಇಷ್ಟು ಅಸಮವಾದ ಎರಡು ತಕ್ಕಡಿಗಳಿಂದ ತೂಗಿ ಒಂದು ವರ್ಗವನ್ನು ಸತ್ಯವಂತರೆಂದೂ ಇನ್ನೊಂದನ್ನು ಸುಳ್ಳುಗಾರರೆಂದೂ ತೀರ್ಪು ಕೊಡುವುದು ಅವಿವೇಕ. ದೇಹವನ್ನು ಮುಟ್ಟದೆ ಅದರ ಶಾಖವನ್ನು ಅವಕೆಂಪು ಕ್ಯಾಮರಾದಿಂದ ಅಳೆಯುವ ವಿಧಾನವನ್ನು ಮಾಂಟ್ರಿಯಲ್ಲಿನ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದವರು ಸ್ತ್ರೀಪುರುಷರಿಬ್ಬರಿಗೂ ಬಳಸಿ 2007ರಲ್ಲಿ ಪ್ರಕಟಿಸಿದರು. ಒಂದೇ ಮಾಪಕದಿಂದ ಅಳೆದಾಗ ಶಾಖ ತುತ್ತತುದಿಗೇರಲು ಇಬ್ಬರಿಗೂ ಹಿಡಿದ ಕಾಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ಈ ಮಾಪಕಗಳು ಅಳೆಯುವುದು ರಕ್ತವನ್ನು, ಇಷ್ಟವನ್ನಲ್ಲ. ಹುಣಿಸೆಹಣ್ಣನ್ನು ಕಂಡರೆ ಬಾಯಲ್ಲಿ ನೀರೂರುತ್ತದೆ, ತಿನ್ನಲು ಮನಸ್ಸಿಲ್ಲದವನಿಗೂ. ಈರುಳ್ಳಿ ಹೆಚ್ಚುವವಳ ಕಣ್ಣೀರನ್ನು ಅಳತೆಮಾಡಿ ಆಕೆಯ ದುಃಖ ಇಷ್ಟು ಮಿಲಿಲೀಟರ್ ಎನ್ನಲಾದೀತೆ? ಷಿವರ್ಸ್ ಮತ್ತು ಮೈಕೆಲ್ ಬೇಲಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೊನೊಬೊ ವಾನರಗಳು ಕೂಡುವ ಚಿತ್ರವನ್ನು ತೋರಿಸಿದಾಗಲೂ ಹೆಂಗಸರ ಮಾಪಕ ಅಲ್ಪಸ್ವಲ್ಪ ಏರಿತು. ಬಯಕೆಯಾಯಿತೆಂದು ಅವರು ಹೇಳಲಿಲ್ಲ. ವಾನರಗಳ ಮೇಲೆ ಹೆಂಗಸರಿಗೆ ಗುಪ್ತ ಮೋಹವಿದೆಯೆಂದು ವಾದಿಸುವ ಧೈರ್ಯ, ದೇಹವೇ ಸತ್ಯವೆನ್ನುವವರಿಗೂ ಇರಲಾರದು.

ಹಾಗಾದರೆ ರಕ್ತವೇಕೆ ಏರುತ್ತದೆ? ಕಾಮದ ಯಾವ ಸೂಚನೆ ಎದುರಾದರೂ, ಬೇಕಾದುದಿರಲಿ ಬೇಡವಾದುದಿರಲಿ, ಅಂಗಕ್ಕೆ ರಕ್ತ ಹರಿದು ತೇವ ಉಂಟಾಗುವುದು ಗಾಯವಾಗದಂತೆ ತಡೆಯುವ ಅನೈಚ್ಛಿಕ ರಕ್ಷಣಾಕ್ರಿಯೆಯೆಂದು ಹಲವು ಸಂಶೋಧಕರ ಊಹೆ. ಧೂಳು ಬಂದಾಗ ರೆಪ್ಪೆ ತಾನೇ ಮುಚ್ಚುವಂತೆ. ಇದು ಸಿದ್ಧಪಟ್ಟ ಸಿದ್ಧಾಂತವಲ್ಲ. ಆದರೆ ಇದನ್ನು ಪುಷ್ಟೀಕರಿಸುವ ಪ್ರಯೋಗವೊಂದನ್ನು ಕೆನಡಾದ ಕೆಲ್ಲಿ ಸುಶಿನ್‌ಸ್ಕಿ ಮತ್ತು ಮಾರ್ಟಿನ್ ಲಾಲ್ಯುಮಿಯೇರ್ 2011ರಲ್ಲಿ ಪ್ರಕಟಿಸಿದರು. ಇಲ್ಲಿಯೂ ಕಥೆಗಳನ್ನೇ ಕೇಳಿಸಿದ್ದು. ಕೆಲವು ಪರಸ್ಪರ ಸಮ್ಮತಿಯ ಕಥೆಗಳು, ಕೆಲವು ಬಲಾತ್ಕಾರದವು. ಗಂಡಸರ ದೇಹದ ಪ್ರತಿಕ್ರಿಯೆ ಸಮ್ಮತಿಯ ಕಥೆಗೇ ಹೆಚ್ಚಾಗಿತ್ತು. ಹೆಂಗಸರ ದೇಹ ಮಾತ್ರ ಸಂಭೋಗದ ಪ್ರಸ್ತಾಪವಿದ್ದ ಕಥೆಗಳೆಲ್ಲಕ್ಕೂ, ಸಮ್ಮತಿ ಇದ್ದರೂ ಇಲ್ಲದಿದ್ದರೂ, ಪ್ರತಿಕ್ರಿಯೆ ತೋರಿಸಿತು. ನಿಜಜೀವನದಲ್ಲಿ ಅತ್ಯಾಚಾರಕ್ಕೆ ಒಳಗಾದ ಕೆಲವರಲ್ಲಿ ಅವರ ಇಚ್ಛೆಗೆ ಪೂರ್ತಿ ವಿರುದ್ಧವಾಗಿ ಇಂಥ ದೈಹಿಕ ಕ್ರಿಯೆ ನಡೆಯುವುದನ್ನು ವೈದ್ಯಕೀಯ ಸಾಹಿತ್ಯವೂ ದಾಖಲಿಸಿದೆ. ಅದರ ಅರ್ಥ ತಿಳಿಯದೆ, ತಮ್ಮಲ್ಲಿಯೇ ಏನೋ ದೋಷವಿರಬೇಕೆಂದು ಅವರು ಒಳಗೊಳಗೇ ಕೊರಗುವುದುಂಟು. 'ಬಾಯಿ ಬೇಡವೆಂದರೂ ಮೈ ಬೇಕೆಂದಿತು' ಎಂಬ ಕಥೆಗಾರನ ವಾಕ್ಯ ಅಂಥವಳ ಕಣ್ಣಿಗೆ ಬಿದ್ದಾಗ ಏನು ಮಾಡೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಬಲಾತ್ಕಾರದ ಕಲ್ಪನೆಗಳು ಹೆಂಗಸರ ಹಗಲುಗನಸಿನಲ್ಲಿಯೇ ಬರುತ್ತವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬರುತ್ತವೆ, ನಿಜ. ಕ್ರಿಟೆಲ್ಲಿ ಮತ್ತು ಬಿವೋನಾ 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ನೂರಕ್ಕೆ 31ರಿಂದ 57ರಷ್ಟು ಹೆಂಗಸರಿಗೆ ಇಂಥ ಕಲ್ಪನೆಗಳು ಬಂದಿರುವುದಾಗಿ ವರದಿ ಮಾಡಿದರು. ಆದರೆ ಕಲ್ಪನೆಯಲ್ಲಿ ಕಥೆಗಾರ್ತಿ ಅವಳೇ. ಪಾತ್ರಧಾರಿಯನ್ನು ಆರಿಸುವವಳೂ ಆಕೆ. ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವಳೂ ಆಕೆ. ಬೇಡವೆನಿಸಿದೊಡನೆ ಪುಸ್ತಕ ಮುಚ್ಚಿದಂತೆ ಮುಚ್ಚಿಬಿಡಬಹುದು. ನಡೆಯುವ ಬಲಾತ್ಕಾರದಲ್ಲಿ ಇಲ್ಲದಿರುವುದು ಇದೊಂದೇ, ಮತ್ತು ಇದೇ ಎಲ್ಲವೂ. ಪತ್ತೇದಾರಿ ಕಾದಂಬರಿಯನ್ನು ಚಪ್ಪರಿಸಿ ಓದುವವನು ಕೊಲೆಯಾಗಲು ಹಾತೊರೆಯುತ್ತಿಲ್ಲವಷ್ಟೆ.

ಈ ಪ್ರಯೋಗಗಳಿಗೆ ಒಂದು ಮಿತಿಯುಂಟು. ಇವಕ್ಕೆ ಒಳಪಟ್ಟವರು ಬಹುಮಟ್ಟಿಗೆ ಪಶ್ಚಿಮದೇಶಗಳ ತರುಣಿಯರು. ತಾವಾಗಿ ಮುಂದೆ ಬಂದವರು. ಮೌನಿಯಾದವಳು ಇಂಥ ಪ್ರಯೋಗಶಾಲೆಯ ಬಾಗಿಲು ತಟ್ಟುವುದೇ ವಿರಳ. ಆದರೆ ಮುಂದೆ ಬಂದವಳಲ್ಲಿಯೇ ದೇಹದಿಂದ ಇಷ್ಟವನ್ನು ಓದಲಾಗದಿದ್ದಮೇಲೆ, ಬಾರದವಳಲ್ಲಿ ಬರಿಗಣ್ಣಿನಿಂದ ಓದಬಲ್ಲೆನೆಂಬವನ ಮಾತಿಗೆ ಬೆಲೆ ಎಷ್ಟು?

'ಮೌನಂ ಸಮ್ಮತಿಲಕ್ಷಣಂ' ಎಂಬ ಹಳೆಯ ನುಡಿ ನಮ್ಮಲ್ಲಿ ಇಂದಿಗೂ ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಎಲ್ಲೆಲ್ಲೂ ಓಡಾಡುತ್ತದೆ. ನಮ್ಮ ಕಾನೂನು ಈ ನುಡಿಯನ್ನು 2013ರ ತಿದ್ದುಪಡಿಯಲ್ಲಿ ಬಿಟ್ಟುಕೊಟ್ಟಿತು. ಸಮ್ಮತಿಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಅನ್ಯ ರೀತಿಯಿಂದಲೋ ಆಕೆ ಸಂದೇಹಕ್ಕೆಡೆಯಿಲ್ಲದಂತೆ ಸ್ವಇಚ್ಛೆಯಿಂದ ತಿಳಿಸಿದ ಒಪ್ಪಿಗೆ. ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ಭಾವಿಸತಕ್ಕದ್ದಲ್ಲ ಎಂದು ಅದರ ಆಶಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ಇದನ್ನೇ ಹೇಳುತ್ತದೆ. ಹದಿನೆಂಟು ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಇದು ಅನ್ವಯಿಸದೆಂಬ, ಬ್ರಿಟಿಷರ ಕಾಲದ ದಂಡಸಂಹಿತೆಯಿಂದ ಬಂದ ವಿನಾಯಿತಿಯೂ ಅದೇ ಕಲಮಿನ ಕೊನೆಯಲ್ಲಿ ಅಚ್ಚಾಗಿದೆ.